ಯುರೋಪಿನ ಪುರಾತನ ಬೇಟೆಗತ್ತಿಗಳ ಸಂಗ್ರಹ: ಸಾರ್ವಜನಿಕರಿಗೆ ಮಾಹಿತಿ

ಹಿರಿಯರಿಂದ ಬಂದ ಅಥವಾ ವಿದೇಶದ ಹರಾಜಿನಲ್ಲಿ ಕೊಂಡ ಯುರೋಪಿನ ಹಳೆಯ ಬೇಟೆಗತ್ತಿಯನ್ನು ಇಟ್ಟುಕೊಳ್ಳಲು, ಮಾರಲು ಅಥವಾ ಹೊರದೇಶಕ್ಕೆ ಕಳುಹಿಸಲು ಇಚ್ಛಿಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಇಂತಹ ಕತ್ತಿಗೆ ಒಂದೇ ಕಾನೂನು ಅನ್ವಯಿಸುವುದೆಂದು ಭಾವಿಸುವುದು ಸರಿಯಲ್ಲ. ಅದರ ಅಲಗಿಗೆ ಆಯುಧಗಳ ಅಧಿನಿಯಮ, 1959, ಅದರ ವಯಸ್ಸಿಗೆ ಪ್ರಾಚೀನ ವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮ, 1972 ಹಾಗೂ ಅದರ ಹಿಡಿಗೆ ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972 ಅನ್ವಯವಾಗಬಹುದು. ಹಣ ಪಾವತಿಸುವ ಮುನ್ನವೇ ಈ ಮೂರನ್ನೂ ಪರಿಶೀಲಿಸಿಕೊಳ್ಳುವುದು ಅವಶ್ಯಕ.

1. ಬೇಟೆಗತ್ತಿ ಎಂದರೇನು?

ಯುದ್ಧದ ಖಡ್ಗಕ್ಕಿಂತ ಗಿಡ್ಡದಾದ ಬೇಟೆಗತ್ತಿಯನ್ನು, ಗಾಯಗೊಂಡ ಸಾರಂಗ ಅಥವಾ ಕಾಡುಹಂದಿಯನ್ನು ಕೊನೆಗಾಣಿಸಲು ಬಳಸಲಾಗುತ್ತಿತ್ತು. ಜರ್ಮನ್ ಭಾಷೆಯಲ್ಲಿ ಇದಕ್ಕೆ ಹಿರ್ಷ್‌ಫೇಂಗರ್ ಎಂದೂ, ಫ್ರೆಂಚ್ ಭಾಷೆಯಲ್ಲಿ ಕೂತೊ ದ ಶಾಸ್ ಎಂದೂ, ಇಂಗ್ಲೆಂಡಿನಲ್ಲಿ ಹ್ಯಾಂಗರ್ ಎಂದೂ ಹೆಸರು. ಇದಕ್ಕೂ ಹಿಂದೆ, ಸುಮಾರು 1500ರ ಹೊತ್ತಿಗೆ, ಕಾಡುಹಂದಿಯ ಬೇಟೆಗೆಂದೇ ಉದ್ದನೆಯ ಕತ್ತಿಗಳಿದ್ದವು. ಇರಿತಕ್ಕೆ ಒಳಗಾದ ಹಂದಿ ಅಲಗಿನುದ್ದಕ್ಕೂ ಮುನ್ನುಗ್ಗಿ ಬೇಟೆಗಾರನನ್ನು ತಲುಪದಂತೆ, ಅವುಗಳ ತುದಿಯ ಬಳಿ ಅಡ್ಡಪಟ್ಟಿಯೊಂದನ್ನು ಅಳವಡಿಸಲಾಗುತ್ತಿತ್ತು.

17 ಮತ್ತು 18ನೇ ಶತಮಾನಗಳಲ್ಲಿ ಬೇಟೆಯು ಅರಮನೆಯ ವೈಭವದ ಭಾಗವಾಗಿದ್ದುದರಿಂದ ಬೇಟೆಗತ್ತಿಯು ಅಧಿಕಾರದ ಗುರುತಾಗಿಯೂ ಪರಿಣಮಿಸಿತು. ಜರ್ಮನಿಯ ಜೋಲಿಂಗನ್ ಪಟ್ಟಣವು ಅಲಗುಗಳಿಗೆ ಪ್ರಸಿದ್ಧವಾಗಿತ್ತು. ಹಿಡಿಗಳನ್ನು ಸಾರಂಗದ ಕೊಂಬು, ಆನೆದಂತ, ಆಮೆಯ ಚಿಪ್ಪು ಹಾಗೂ ಬೆಳ್ಳಿಯಿಂದ ಮಾಡಲಾಗುತ್ತಿತ್ತು. 1710ರಲ್ಲಿ ಮೈಸೆನ್‌ನಲ್ಲಿ ಪಿಂಗಾಣಿ ಕಾರ್ಖಾನೆ ಸ್ಥಾಪನೆಯಾದ ನಂತರ ಪಿಂಗಾಣಿಯ ಹಿಡಿಗಳೂ ಬಳಕೆಗೆ ಬಂದವು. ಅನೇಕ ಕತ್ತಿಗಳ ಒರೆಯಲ್ಲಿ ಚಿಕ್ಕ ಚಾಕು ಮತ್ತು ಫೋರ್ಕ್ ಇಡಲು ಪ್ರತ್ಯೇಕ ಸ್ಥಳವಿರುತ್ತದೆ. ಇವೆಲ್ಲವೂ ಒಟ್ಟಿಗೆ ಉಳಿದು ಬಂದಿದ್ದಲ್ಲಿ ಕತ್ತಿಯ ಬೆಲೆ ಹೆಚ್ಚುತ್ತದೆ.

2. ವಯಸ್ಸನ್ನು ನಿರ್ಧರಿಸುವಲ್ಲಿ ಎಚ್ಚರಿಕೆ

ಅಲಗಿನ ಮೇಲಿನ ಬರಹವನ್ನಷ್ಟೇ ನಂಬುವುದು ಸೂಕ್ತವಲ್ಲ. ಹಲವು ಬೇಟೆಗತ್ತಿಗಳ ಮೇಲೆ ಕಾಣುವ 1414 ಎಂಬ ಅಂಕಿಯು ಅವು ತಯಾರಾದ ಇಸವಿಯಲ್ಲ. 17 ಮತ್ತು 18ನೇ ಶತಮಾನಗಳ ಅಲಗುಗಳ ಮೇಲೂ ಅದೇ ಅಂಕಿ ಇರುತ್ತದೆ. ಓಡುವ ತೋಳದ ಮುದ್ರೆಯು ಮೊದಲು ಪಾಸಾವ್ ಪಟ್ಟಣದ್ದಾಗಿದ್ದು, ಅನಂತರ ಜೋಲಿಂಗನ್‌ನ ಕಮ್ಮಾರರೂ ಅದನ್ನು ಬಳಸಿದರು. 16ನೇ ಶತಮಾನದ ಇಟಲಿಯ ಕತ್ತಿ ತಯಾರಕ ಆಂಡ್ರಿಯಾ ಫೆರಾರಾನ ಹೆಸರನ್ನು ಅವನ ಕಾಲದ ನಂತರವೂ ಇತರರು ತಮ್ಮ ಅಲಗುಗಳ ಮೇಲೆ ಕೊರೆಯುತ್ತಿದ್ದರು. 19ನೇ ಶತಮಾನದಲ್ಲಿ ಹಳೆಯ ಶೈಲಿಯ ಪ್ರತಿಕೃತಿಗಳು ಹೇರಳವಾಗಿ ತಯಾರಾದವು. 1930ರ ದಶಕದಲ್ಲಿ ಜರ್ಮನಿಯ ಅರಣ್ಯ ಸಿಬ್ಬಂದಿ ಧರಿಸುತ್ತಿದ್ದ ಕತ್ತಿಗಳು ನೋಟಕ್ಕೆ ಹಳೆಯವಾದರೂ ಅವುಗಳಿಗೆ ಇನ್ನೂ ನೂರು ವರ್ಷ ತುಂಬಿಲ್ಲ.

ವಯಸ್ಸಿನ ಪ್ರಶ್ನೆಗೆ ಕಾನೂನಿನ ಮಹತ್ವವಿದೆ. ನೂರು ವರ್ಷಗಳಿಗೆ ಕಡಿಮೆಯಿಲ್ಲದ ಕಲಾಕೃತಿ, ಕರಕುಶಲ ವಸ್ತು ಅಥವಾ ಐತಿಹಾಸಿಕ ಮಹತ್ವದ ವಸ್ತುವು ಪ್ರಾಚೀನ ವಸ್ತು ಎನಿಸಿಕೊಳ್ಳುತ್ತದೆ. ವಸ್ತುವು ಯಾವ ದೇಶದಲ್ಲಿ ತಯಾರಾಯಿತು ಎಂಬುದನ್ನು ಈ ವ್ಯಾಖ್ಯಾನವು ಪರಿಗಣಿಸುವುದಿಲ್ಲ. ಆದುದರಿಂದ ವಿದೇಶದಿಂದ ತಂದ ಕತ್ತಿಯನ್ನು ಮರಳಿ ಅಲ್ಲಿಗೇ ಕಳುಹಿಸಿ ಮಾರಬಹುದೆಂಬ ಭರವಸೆಯಿಂದ ಕೊಳ್ಳುವುದು ಅಪಾಯಕರ. ಪ್ರಾಚೀನ ವಸ್ತುಗಳನ್ನು ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ನೀಡಿದ ಸಂಸ್ಥೆಯ ಹೊರತು ಬೇರೆ ಯಾರೂ ರಫ್ತು ಮಾಡುವಂತಿಲ್ಲ. ಉಲ್ಲಂಘಿಸಿದವರಿಗೆ 6 ತಿಂಗಳಿಗೆ ಕಡಿಮೆಯಿಲ್ಲದ, 3 ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾವಾಸ ಹಾಗೂ ಜುಲ್ಮಾನೆಯನ್ನು ವಿಧಿಸಬಹುದಾಗಿದೆ. ವಸ್ತುವು ಪ್ರಾಚೀನವೇ ಅಲ್ಲವೇ ಎಂಬ ಪ್ರಶ್ನೆ ಉದ್ಭವಿಸಿದಲ್ಲಿ, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರು ಅಥವಾ ಅವರಿಂದ ಅಧಿಕೃತರಾದ ಅಧಿಕಾರಿಯ ತೀರ್ಮಾನವೇ ಅಂತಿಮ. ಪ್ರತಿಕೃತಿಯನ್ನು ಹೊರದೇಶಕ್ಕೆ ಒಯ್ಯುವವರು ಅದು ಪ್ರಾಚೀನ ವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಅದೇ ಇಲಾಖೆಯಿಂದ ಮುಂಚಿತವಾಗಿ ಪಡೆಯುವುದು ಒಳಿತು.

3. ಹಿಡಿಯ ಪರಿಶೀಲನೆ

ಸಂಗ್ರಾಹಕರು ಸಾಮಾನ್ಯವಾಗಿ ಅಲಗನ್ನೇ ಗಮನಿಸುತ್ತಾರೆ. ಆದರೆ ತೊಡಕು ಹಿಡಿಯಲ್ಲಿಯೂ ಇರಬಹುದು. ಆನೆದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ಹಾದುಹೋಗುವ ಸೂಕ್ಷ್ಮ ಗೆರೆಗಳಿರುತ್ತವೆ; ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ; ಸಾರಂಗದ ಕೊಂಬಿನ ಹೊರಮೈ ಒರಟಾಗಿರುತ್ತದೆ. ಬಿಸಿಸೂಜಿ ಚುಚ್ಚುವಂತಹ ಪರೀಕ್ಷೆಗಳು ವಸ್ತುವಿಗೆ ಹಾನಿಯುಂಟುಮಾಡುವುದರಿಂದ ಅವುಗಳನ್ನು ಕೈಗೊಳ್ಳಬಾರದು.

ಭಾರತದಲ್ಲಿ ಆನೆದಂತದ ವ್ಯಾಪಾರವು ನಿಷಿದ್ಧ. 1991ರ ತಿದ್ದುಪಡಿಯ ನಂತರ ಆಫ್ರಿಕಾದಿಂದ ಆಮದಾದ ದಂತಕ್ಕೂ ಈ ನಿಷೇಧ ಅನ್ವಯಿಸುತ್ತದೆ. ಕತ್ತಿಯು 200 ವರ್ಷ ಹಳೆಯದೆಂಬ ಕಾರಣದಿಂದ ಮಾರಾಟಕ್ಕೆ ವಿನಾಯಿತಿ ದೊರೆಯುವುದೆಂದು ಭಾವಿಸಬಾರದು. ಸಂರಕ್ಷಿತ ಪ್ರಾಣಿಯ ದಂತ, ಕೊಂಬು ಅಥವಾ ಚಿಪ್ಪುಳ್ಳ ವಸ್ತುವನ್ನು ಪಿತ್ರಾರ್ಜಿತವಾಗಿ ಪಡೆದವರು 90 ದಿನಗಳೊಳಗಾಗಿ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸತಕ್ಕದ್ದು. ಬೆಳ್ಳಿ, ಹಿತ್ತಾಳೆ, ಮರ ಅಥವಾ ಪಿಂಗಾಣಿಯ ಹಿಡಿಗಳಿಗೆ ಈ ನಿಬಂಧನೆ ಇಲ್ಲ.

4. ಆಮದು ಮತ್ತು ಸ್ವಾಧೀನ

ಆಯುಧಗಳ ನಿಯಮಗಳಲ್ಲಿ ಕತ್ತಿಯು ಬಂದೂಕಲ್ಲದ ಆಯುಧಗಳ ವರ್ಗಕ್ಕೆ ಸೇರುತ್ತದೆ. ಕೇಂದ್ರ ಸರ್ಕಾರವು ಅಧಿಸೂಚಿಸಿದ ಪ್ರದೇಶಗಳಲ್ಲಿ ಇಂತಹ ಆಯುಧವನ್ನು ಹೊಂದಲು ಪರವಾನಗಿ ಬೇಕಾಗುತ್ತದೆ. ಆಮದು ಮತ್ತು ರಫ್ತಿನ ಬಗ್ಗೆ ಅಧಿನಿಯಮದ 10ನೇ ಪ್ರಕರಣದಲ್ಲಿ ತಿಳಿಸಲಾಗಿದೆ. ಸ್ವಂತ ಬಳಕೆಗೆ ತರುವ ಆಯುಧಕ್ಕೆ ಅದರಲ್ಲಿ ವಿನಾಯಿತಿ ಇದ್ದರೂ, ಅದು ಅನ್ವಯಿಸುವುದೇ ಎಂಬ ಸಂದೇಹ ಬಂದಲ್ಲಿ ಕಸ್ಟಮ್ಸ್ ಅಧಿಕಾರಿಗಳು ಕೇಂದ್ರ ಸರ್ಕಾರದ ಆದೇಶ ಬರುವವರೆಗೆ ವಸ್ತುವನ್ನು ತಡೆಹಿಡಿಯಬಹುದು. ಆದ್ದರಿಂದ ಕೊಳ್ಳುವ ಮುನ್ನವೇ ಜಿಲ್ಲಾ ದಂಡಾಧಿಕಾರಿಗಳು ಅಥವಾ ಸಂಬಂಧಪಟ್ಟ ಪೊಲೀಸ್ ಆಯುಕ್ತರ ಕಚೇರಿಯಿಂದ ಲಿಖಿತ ಸ್ಪಷ್ಟನೆ ಪಡೆಯುವುದು ಹಾಗೂ ಆಗಮನದ ವೇಳೆ ವಸ್ತುವನ್ನು ತಪ್ಪದೇ ಘೋಷಿಸುವುದು ಸೂಕ್ತ.

5. ಸಿದ್ಧವಾಗಿಟ್ಟುಕೊಳ್ಳಬೇಕಾದ ದಾಖಲೆಗಳು

ಅ) ಖರೀದಿ ರಸೀದಿ ಅಥವಾ ಹರಾಜಿನ ವಿವರಪಟ್ಟಿ, ಪಿತ್ರಾರ್ಜಿತವಾಗಿದ್ದಲ್ಲಿ ಅದಕ್ಕೆ ಸಂಬಂಧಿಸಿದ ಪತ್ರಗಳು.
ಆ) ಕತ್ತಿ, ಒರೆ, ಹಿಡಿ ಮತ್ತು ಮುದ್ರೆಗಳ ಪ್ರತ್ಯೇಕ ಛಾಯಾಚಿತ್ರಗಳು.
ಇ) ಅಲಗಿನ ಉದ್ದ ಮತ್ತು ಅಗಲ, ಹಿಡಿಯ ವಸ್ತು ಹಾಗೂ ದುರಸ್ತಿಗಳ ವಿವರ.
ಈ) ಹಿಂದಿನ ಮಾಲೀಕರ ಬಗ್ಗೆ ಲಭ್ಯವಿರುವ ಲಿಖಿತ ಮಾಹಿತಿ.

ಕತ್ತಿಯ ತುಕ್ಕನ್ನು ಉಜ್ಜಿ ತೆಗೆಯುವುದರಿಂದಾಗಲೀ ಅಲಗನ್ನು ಸಾಣೆ ಹಿಡಿಯುವುದರಿಂದಾಗಲೀ ಮುದ್ರೆಗಳು ಅಳಿಸಿಹೋಗಿ, ವಯಸ್ಸನ್ನು ಸಾಬೀತುಪಡಿಸುವ ಆಧಾರವೇ ಇಲ್ಲವಾಗುತ್ತದೆ. ಪರಿಶೀಲನೆ ಮುಗಿಯುವವರೆಗೆ ವಸ್ತುವನ್ನು ಇದ್ದ ಸ್ಥಿತಿಯಲ್ಲಿಯೇ ಒಣ ಸ್ಥಳದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇರಿಸಲು ಸಾರ್ವಜನಿಕರಲ್ಲಿ ಕೋರಲಾಗಿದೆ.