ಹಣ ಹೋದ ಮೇಲಿನ ಮೊದಲ ಗಂಟೆ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮನೆಗಳಿಂದ ಹಣ, ಒಡವೆ ಕೈಬಿಡುವುದು ಮುಖ್ಯವಾಗಿ ಮೂರು ದಾರಿಯಲ್ಲಿ. ಬೀಗ ಮುರಿದು ಒಳನುಗ್ಗುವುದು ಮನೆಗಳವು. ಗಮನ ಬೇರೆಡೆ ಸೆಳೆದು ಎತ್ತಿಕೊಂಡು ಹೋಗುವುದು ಎರಡನೆಯದು. ಮೂರನೆಯದರಲ್ಲಿ ಕಳ್ಳ ಏನನ್ನೂ ಮುಟ್ಟುವುದಿಲ್ಲ, ನಮ್ಮ ಕೈಯಿಂದಲೇ ಕೊಡಿಸಿಕೊಳ್ಳುತ್ತಾನೆ. ಈ ಅಧ್ಯಾಯದ ಬಹುಭಾಗ ಮೂರನೆಯದಕ್ಕೇ ಮೀಸಲು. ಜನ ಎಡವುವುದು ಅಲ್ಲಿ, ಎಡವಿದ ಮೇಲೆ ಸುಮ್ಮನೆ ಕೂರುವುದೂ ಅಲ್ಲಿಯೇ.

ಮನೆಗಳವಿನ ಮಾತು ಬೇಗ ಮುಗಿಸೋಣ. ಬೇಸಿಗೆಯ ಸೆಕೆ ತಾಳದೆ ಇಲ್ಲಿ ಜನ ಮಾಳಿಗೆ ಮೇಲೆ ಮಲಗುತ್ತಾರೆ, ಕೆಳಗೆ ಬೀರು ಇರುವ ಕೋಣೆ ರಾತ್ರಿಯಿಡೀ ಬರಿದಾಗಿರುತ್ತದೆ. ಶೇಂಗಾ ಕೀಳುವ ದಿನಗಳಲ್ಲಿ ಮನೆಮಂದಿಯೆಲ್ಲ ಹೊಲದಲ್ಲಿ. ನಾಯಕನಹಟ್ಟಿ ತೇರಿಗೆ, ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಓಣಿಗೆ ಓಣಿಯೇ ಬೀಗ ಹಾಕಿಕೊಂಡು ಹೊರಡುತ್ತದೆ. ಬಾಗಿಲ ಪಕ್ಕದ ಗೂಡಿನಲ್ಲಿ ಬೀಗದ ಕೈ ಇಟ್ಟು ಹೋಗುವ ರೂಢಿ ನಿಮಗೆ ಗೊತ್ತಿರುವಷ್ಟೇ ಕಳ್ಳನಿಗೂ ಗೊತ್ತು. ಹೊರಗೆ ನೇತಾಡುವ ಬೀಗಕ್ಕಿಂತ ಬಾಗಿಲೊಳಗೇ ಕೂರುವ ಬೀಗ ಮೇಲು, ಒಡವೆಗೆ ಬ್ಯಾಂಕಿನ ಲಾಕರ್ ಮೇಲು, ಎಲ್ಲಕ್ಕಿಂತ ಪಕ್ಕದ ಮನೆಯ ಅಜ್ಜಿಗೆ ಹೇಳಿ ಹೋಗುವುದು ಮೇಲು. 2017ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಸುಧಾರಿತ ಗಸ್ತು ವ್ಯವಸ್ಥೆಯ ಪ್ರಕಾರ ಪ್ರತಿ ಬೀಟಿಗೂ, ಅಂದರೆ ಗಸ್ತಿನ ಪ್ರದೇಶಕ್ಕೂ, ಒಬ್ಬ ಪೊಲೀಸ್ ಹೊಣೆಯಾಗಿದ್ದು, ಊರಿನವರೇ ಅದರ ನಾಗರಿಕ ಸದಸ್ಯರಾಗಿರುತ್ತಾರೆ. ನಿಮ್ಮ ಬೀಟಿನ ಪೊಲೀಸರ ಹೆಸರು, ಫೋನ್ ನಂಬರು ಗೊತ್ತಿಲ್ಲದಿದ್ದರೆ ಠಾಣೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ತುರ್ತಿಗೆ 112, ಮಕ್ಕಳ ಸಂಕಟಕ್ಕೆ 1098, ಹೆಣ್ಣುಮಕ್ಕಳಿಗೆ 181.

ಎರಡನೆಯದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಮೂರನೆಯದರ ಬೇರು ಇಲ್ಲಿದೆ. ಮಾರುಕಟ್ಟೆಯಲ್ಲಿ ಶೇಂಗಾ ಮಾರಿದ ರೈತರೊಬ್ಬರು ಬ್ಯಾಂಕಿನಿಂದ ಹಣ ಬಿಡಿಸಿ ಚೀಲವನ್ನು ಬೈಕಿನ ಹ್ಯಾಂಡಲಿಗೆ ನೇತುಹಾಕುತ್ತಾರೆ. ಹಿಂದಿನಿಂದ ಒಂದು ದನಿ: ‘ಯಜಮಾನ್ರೆ, ನಿಮ್ ದುಡ್ಡು ಬಿದ್ದೈತೆ ನೋಡ್ರಿ.’ ನೆಲದ ಮೇಲೆ ನಿಜವಾಗಿಯೂ ನಾಲ್ಕಾರು ಹತ್ತರ ನೋಟು. ಬಗ್ಗಿ ಆರಿಸಿ ತಲೆಯೆತ್ತುವಷ್ಟರಲ್ಲಿ ಚೀಲವಿಲ್ಲ. ಅಂಗಿಗೆ ಗಲೀಜು ಎರಚುವುದು, ಟೈರಿನ ಗಾಳಿ ಹೋಗಿದೆ ಎನ್ನುವುದು, ಒಡವೆಗೆ ಪಾಲಿಶ್ ಹಾಕಿಕೊಡುತ್ತೇನೆ ಎಂದು ಮನೆ ಬಾಗಿಲಿಗೆ ಬರುವುದು, ಎಲ್ಲವೂ ಇದೇ ಜಾತಿಯವು. ಆ ರೈತರಲ್ಲಿ ದಡ್ಡತನವೇನೂ ಇರಲಿಲ್ಲ. ಬಿದ್ದ ದುಡ್ಡನ್ನು ತಕ್ಷಣ ಆರಿಸಿಕೊಳ್ಳಬೇಕೆಂಬ ಅವಸರ ಯಾರಿಗೂ ಹುಟ್ಟುತ್ತದೆ, ಕಳ್ಳ ಹುಟ್ಟಿಸಿದ್ದು ಅದನ್ನೇ. ಹಣ ಬಿಡಿಸಲು ಇಬ್ಬರು ಹೋಗಿ, ಒಬ್ಬರ ಕೈ ಚೀಲದ ಮೇಲಿರಲಿ. ಸಾಧ್ಯವಾದಷ್ಟೂ ಹಣವನ್ನು ಖಾತೆಯಿಂದ ಖಾತೆಗೇ ವರ್ಗಾಯಿಸಿ.

ಫೋನಿನ ವಂಚಕನ ಬಂಡವಾಳವೂ ಅವಸರವೇ. ಅದಕ್ಕೆ ಅವನು ಇನ್ನೊಂದನ್ನು ಸೇರಿಸುತ್ತಾನೆ, ಗುಟ್ಟು. ‘ಈಗಲೇ ಮಾಡಿ’, ‘ಯಾರಿಗೂ ಹೇಳಬೇಡಿ’. ಈ ಎರಡು ಮಾತು ಒಟ್ಟಿಗೆ ಬಂದರೆ ಆ ಕಡೆ ಇರುವವನು ಬ್ಯಾಂಕಿನವನೆಂದರೂ ಪೊಲೀಸನೆಂದರೂ ಫೋನ್ ಇಟ್ಟುಬಿಡಿ. ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರಿನಲ್ಲಿ ವಿಡಿಯೊ ಕರೆಯ ಮುಂದೆ ಜನರನ್ನು ದಿನಗಟ್ಟಲೆ ಕೂರಿಸಿ ಹಣ ಕೀಳುತ್ತಾರಲ್ಲ, ಅಂಥ ಬಂಧನ ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ವಿಚಾರಣೆಗೆ ಹಾಜರಾಗಲು ಪೊಲೀಸರು ಕೊಡುವ ನೋಟಿಸನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುವಂತಿಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಈಗ ನನಗೆ ಬಹಳ ಮುಖ್ಯವೆನಿಸುವ ವಿಷಯಕ್ಕೆ ಬರುತ್ತೇನೆ. ಹೋದ ಹಣ ಎಲ್ಲಿಗೆ ಹೋಗುತ್ತದೆ? ಗಾಳಿಯಲ್ಲಿ ಕರಗಿಹೋಯಿತು ಎಂದೇ ಹೆಚ್ಚಿನವರು ತಿಳಿದಿರುತ್ತಾರೆ. ಹಾಗಾಗುವುದಿಲ್ಲ.

ಮೊಳಕಾಲ್ಮೂರಿನ ನೇಕಾರರೊಬ್ಬರಿಗೆ ಫೋನ್ ಬಂತು ಎಂದಿಟ್ಟುಕೊಳ್ಳಿ. ‘ನಾನು ಸೇನೆಯ ಅಧಿಕಾರಿ, ಹತ್ತು ರೇಷ್ಮೆ ಸೀರೆ ಬೇಕು, ಮುಂಗಡ ಹಾಕುತ್ತಿದ್ದೇನೆ, ಕಳಿಸಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ.’ ಚಳ್ಳಕೆರೆಯ ಕುದಾಪುರದಲ್ಲಿ ಡಿಆರ್‌ಡಿಒದಂಥ ದೊಡ್ಡ ಸಂಸ್ಥೆಗಳೇ ಇರುವಾಗ ಸೇನೆಯ ಹೆಸರು ಯಾರಿಗೂ ಅಸಹಜ ಎನಿಸುವುದಿಲ್ಲ. ಮಗ್ಗ ನಿಲ್ಲಿಸಿ, ಸ್ಕ್ಯಾನ್ ಮಾಡಿ, ಪಿನ್ ಒತ್ತುತ್ತಾರೆ. 18,000 ರೂಪಾಯಿ ಬರುವ ಬದಲು ಹೋಗುತ್ತದೆ. ಇಲ್ಲಿ ನಿಂತು ಒಂದು ಸಂಗತಿಯನ್ನು ಮನೆಯವರಿಗೆಲ್ಲ ಬಾಯಿಪಾಠ ಮಾಡಿಸಿ: ಯುಪಿಐನಲ್ಲಿ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಖಾತೆಯಲ್ಲಿ ಎಷ್ಟಿದೆ ಎಂದು ನೋಡುವುದಕ್ಕೆ. ಹಣ ಪಡೆಯಲು ಪಿನ್ ಬೇಡವೇ ಬೇಡ.

ಆ 18,000 ಮೊದಲು ಒಬ್ಬರ ಹೆಸರಿನ ಬ್ಯಾಂಕ್ ಖಾತೆಗೆ ಇಳಿಯುತ್ತದೆ. ಆ ಖಾತೆ ಸಾಮಾನ್ಯವಾಗಿ ವಂಚಕನದ್ದಲ್ಲ, ಬಾಡಿಗೆಗೆ ಪಡೆದದ್ದು. ಅಲ್ಲಿಂದ ಅದನ್ನು ಒಡೆದು ಮೂರು ನಾಲ್ಕು ಖಾತೆಗೆ, ಅಲ್ಲಿಂದ ಮತ್ತಷ್ಟಕ್ಕೆ ದಾಟಿಸುತ್ತಾರೆ. ಕೊನೆಗೆ ಯಾವುದೋ ಎಟಿಎಂನಲ್ಲಿ ನಗದಾಗಿ ತೆಗೆಯುತ್ತಾರೆ ಇಲ್ಲವೇ ಕ್ರಿಪ್ಟೊ ಕೊಂಡು ದೇಶದಾಚೆ ಕಳಿಸುತ್ತಾರೆ. ಒಡ್ಡು ಒಡೆದ ಕೆರೆಯ ನೀರಿನಂತೆ ಇದು. ಮೊದಲ ಕಾಲುವೆಯಲ್ಲಿ ಇರುವಾಗ ಒಂದು ಹಲಗೆ ಸಾಕು, ಹೊಲಗಳಿಗೆ ಹರಡಿದ ಮೇಲೆ ಏನು ಅಡ್ಡ ಇಟ್ಟರೂ ನಿಲ್ಲದು. ಹಣ ನಗದಾಗುವವರೆಗೆ ಪ್ರತಿ ಹೆಜ್ಜೆಯೂ ಬ್ಯಾಂಕಿನ ಲೆಕ್ಕದಲ್ಲಿ ದಾಖಲಾಗಿರುತ್ತದೆ.

1930 ಎಂಬ ಸಂಖ್ಯೆ ಆ ಹಲಗೆ. ಕೇಂದ್ರ ಗೃಹ ಸಚಿವಾಲಯ 2021ರಲ್ಲಿ ಆರಂಭಿಸಿದ ಈ ಸಹಾಯವಾಣಿ ಮೊದಲು ಬೇರೆ ಸಂಖ್ಯೆಯಲ್ಲಿತ್ತು. ನೀವು ಕರೆ ಮಾಡಿ ವಿವರ ಕೊಟ್ಟೊಡನೆ ಮೊದಲ ಖಾತೆ ಇರುವ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಹಣ ಇನ್ನೂ ಅಲ್ಲಿದ್ದರೆ ಬ್ಯಾಂಕು ಅದನ್ನು ತಡೆಹಿಡಿಯುತ್ತದೆ. ದಾಟಿಹೋಗಿದ್ದರೆ ಯಾವ ಬ್ಯಾಂಕಿಗೆ ದಾಟಿತು ಎಂದು ನಮೂದಿಸುತ್ತದೆ, ಸೂಚನೆ ಅಲ್ಲಿಗೆ ಸಾಗುತ್ತದೆ. ಹೀಗೆ ದೂರು ಹಣದ ಬೆನ್ನುಹತ್ತಿ ಹೋಗುತ್ತದೆ. ದೂರು ಮುಂದಿರುತ್ತದೋ ಹಣ ಮುಂದಿರುತ್ತದೋ ಎನ್ನುವುದು ನೀವು ಎಷ್ಟು ನಿಮಿಷದಲ್ಲಿ ಕರೆ ಮಾಡಿದಿರಿ ಎಂಬುದರ ಮೇಲೆ ನಿಂತಿದೆ. ಪೊಲೀಸರು ಮೊದಲ ಗಂಟೆಯನ್ನು ‘ಗೋಲ್ಡನ್ ಅವರ್’ ಎನ್ನುವುದು ಇದಕ್ಕೇ. ತಡೆಹಿಡಿದ ಹಣ ನ್ಯಾಯಾಲಯದ ಆದೇಶದ ಮೂಲಕ ಮರಳಿ ಸಿಗುವ ದಾರಿಯಿದೆ. ಈ ಇಡೀ ಏರ್ಪಾಡು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ರಾಂಪುರದ ಒಂದು ಮನೆಯಿಂದ ಹೋದ ಕರೆ ಸಾವಿರಾರು ಕಿಲೋಮೀಟರ್ ಆಚೆಯ ಬ್ಯಾಂಕೊಂದರ ಖಾತೆಯ ಕೈ ಕಟ್ಟಬಲ್ಲದು.

ಕರೆ ಮಾಡುವಾಗ ಕೈಯಲ್ಲಿರಬೇಕಾದ್ದು ನಿಮ್ಮ ಬ್ಯಾಂಕಿನ ಹೆಸರು, ಹೋದ ಮೊತ್ತ, ಹೊತ್ತು, ವ್ಯವಹಾರದ 12 ಅಂಕಿಯ ಯುಟಿಆರ್ ಸಂಖ್ಯೆ. ಇದು ಯುಪಿಐ ಆ್ಯಪ್‌ನ ವಿವರದಲ್ಲೂ ಬ್ಯಾಂಕಿನ ಸಂದೇಶದಲ್ಲೂ ಇರುತ್ತದೆ. ಸಂದೇಶಗಳನ್ನು, ವಂಚಕನ ಜೊತೆಗಿನ ಮಾತುಕತೆಯನ್ನು ಅಳಿಸಬೇಡಿ. ‘ಪಿಎಂ ಕಿಸಾನ್’, ‘ಬೆಳೆ ವಿಮೆ’, ‘ಮದುವೆ ಕರೆಯೋಲೆ’ ಎಂದು ಬಂದ, ಆ್ಯಪ್ ಅಳವಡಿಸುವ ಎಪಿಕೆ ಫೈಲ್ ಒತ್ತಿ ಹೀಗಾಗಿದ್ದರೆ ಆ ಫೋನಿನ ಇಂಟರ್‌ನೆಟ್ ತಕ್ಷಣ ಬಂದ್ ಮಾಡಿ, ಕರೆಯನ್ನು ಬೇರೆ ಫೋನಿನಿಂದ ಮಾಡಿ. ಆ ಆ್ಯಪ್ ನಿಮಗೆ ಬರುವ ಒಟಿಪಿಗಳನ್ನು ಓದುತ್ತಲೇ ಇರಬಹುದು. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಪೂರ್ಣ ದೂರು ದಾಖಲಿಸಿ, ಚಿತ್ರದುರ್ಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಅಥವಾ ನಿಮ್ಮ ಹತ್ತಿರದ ಠಾಣೆಗೆ ಹೋಗಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಗಂಭೀರ ಅಪರಾಧದ ದೂರನ್ನು ಯಾವ ಠಾಣೆಯಲ್ಲಿ ಬೇಕಾದರೂ ಕೊಡಬಹುದು, ‘ಇದು ನಮ್ಮ ಸರಹದ್ದಲ್ಲ’ ಎಂದು ತಳ್ಳುವಂತಿಲ್ಲ. ಎಫ್‌ಐಆರ್ ಪ್ರತಿ ನಿಮಗೆ ಉಚಿತ.

ಬ್ಯಾಂಕಿಗೂ ಅದೇ ಹೊತ್ತಿಗೆ ತಿಳಿಸಿ, ದೂರಿನ ಸಂಖ್ಯೆ ಪಡೆಯಿರಿ. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೀಗೆನ್ನುತ್ತದೆ: ತಪ್ಪು ನಿಮ್ಮದಾಗಲಿ ಬ್ಯಾಂಕಿನದಾಗಲಿ ಆಗಿರದೆ ಹೊರಗಿನವರ ಕೈವಾಡವಾಗಿದ್ದು, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬೀಳುವುದಿಲ್ಲ. ಪಿನ್ ಕೊಟ್ಟಂಥ ಎಚ್ಚರಗೇಡಿತನ ನಿಮ್ಮದೇ ಆಗಿದ್ದರೂ, ತಿಳಿಸಿದ ಮೇಲೆ ಖಾತೆಯಿಂದ ಹೋಗುವ ಹಣ ಬ್ಯಾಂಕಿನ ಹೊಣೆ. ‘ನಮ್ಮದೇ ತಪ್ಪು, ಏನೆಂದು ಹೇಳುವುದು’ ಎಂದು ಹಿಂಜರಿಯುವವರು ಈ ಎರಡನೇ ವಾಕ್ಯವನ್ನು ಇನ್ನೊಮ್ಮೆ ಓದಿ.

ಮೊದಲ ಗಂಟೆಯನ್ನು ತಿನ್ನುವುದು ಈ ಹಿಂಜರಿಕೆ. ಗಂಡ ಬೈದಾನೆಂದು ಹೆಂಡತಿ ಬಾಯಿ ಬಿಡುವುದಿಲ್ಲ. ಸಂಘದ ಸಾಲದ ಹಣ ಹೋಯಿತೆಂದು ಅಕ್ಕ ಒಬ್ಬಳೇ ಅಳುತ್ತಾಳೆ. ಮಗ ಅಪ್ಪನಿಂದ ಮುಚ್ಚಿಡುತ್ತಾನೆ, ಅಪ್ಪ ಮಗನಿಂದ ಮುಚ್ಚಿಡುತ್ತಾನೆ. ಎರಡು ದಿನ ಕಳೆದು ವಿಷಯ ಹೊರಬಿದ್ದಾಗ ಹಣ ಏಳು ಖಾತೆ ದಾಟಿರುತ್ತದೆ. ಮನೆಯ ಹಿರಿಯರಲ್ಲಿ ನನ್ನದೊಂದೇ ಬೇಡಿಕೆ. ಈ ರಾತ್ರಿ ಊಟಕ್ಕೆ ಕೂತಾಗ ಎಲ್ಲರ ಮುಂದೆ ಹೇಳಿಬಿಡಿ: ‘ಯಾರಿಗೇ ಹೀಗಾದರೂ ಮೊದಲು ನನಗೆ ಹೇಳಿ, ನಾನು ಬೈಯುವುದಿಲ್ಲ.’ ಯಾವ ಬೀಗಕ್ಕಿಂತಲೂ ಈ ಮಾತು ಹೆಚ್ಚು ಹಣ ಉಳಿಸುತ್ತದೆ ಎಂದು ನಾನು ನಂಬಿದ್ದೇನೆ.

ಬಾಡಿಗೆ ಖಾತೆ ಎಂದೆನಲ್ಲ, ಅದರ ಬಗ್ಗೆ ಕಾಲೇಜು ಹುಡುಗರ ಮನೆಯವರು ಎಚ್ಚರವಾಗಿರಬೇಕು. ‘ನಿನ್ನ ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇನೆ’ ಎನ್ನುವವರು ಸಣ್ಣ ಪಟ್ಟಣಗಳನ್ನೇ ಹುಡುಕಿಕೊಂಡು ಬರುತ್ತಾರೆ. ಮಳೆ ಕೈಕೊಟ್ಟ ವರ್ಷ ಐದು ಸಾವಿರ ದೊಡ್ಡ ಮೊತ್ತವೇ. ಆದರೆ ಆ ಖಾತೆಗೆ ಯಾರದೋ ಜೀವಮಾನದ ಉಳಿತಾಯ ಬಂದು ಹೋದ ದಿನ ಪೊಲೀಸರು ಮೊದಲು ತಟ್ಟುವುದು ಖಾತೆದಾರನ ಬಾಗಿಲು. ಹಣ ತಿಂದವನ ಹೆಸರೇ ಗೊತ್ತಿಲ್ಲದ ಹುಡುಗ ಆರೋಪಿಯಾಗಿ ನಿಲ್ಲುತ್ತಾನೆ.

ಹೆಬ್ಬೆಟ್ಟಿನ ವಿಚಾರ ಒಂದಿದೆ. ಆಧಾರ್ ಆಧರಿತ ಪಾವತಿಯಲ್ಲಿ ಒಟಿಪಿ ಬೇಡ, ಬೆರಳಚ್ಚು ಸಾಕು. 2023ರಲ್ಲಿ ರಾಜ್ಯದಲ್ಲಿ ಆಸ್ತಿ ನೋಂದಣಿ ಮಾಡಿಸಿದ ಕೆಲವರ ಖಾತೆಯಿಂದ, ಅಲ್ಲಿ ಕೊಟ್ಟ ಬೆರಳಚ್ಚು ಬಳಸಿ, ಹೀಗೆ ಹಣ ಹೋದ ಪ್ರಕರಣಗಳು ವರದಿಯಾದವು. ಆಧಾರ್‌ನ ವೆಬ್‌ಸೈಟ್ ಅಥವಾ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿಡಬಹುದು, ಬೇಕಾದಾಗ ತೆರೆಯಬಹುದು.

ವಂಚಕ ಊರಿಗೆ ಕಾಲಿಡದೆ ದೋಚುವ ಈ ಕಾಲದಲ್ಲೂ ನಮ್ಮ ಅನುಮಾನ ಮಾತ್ರ ಬೀದಿಗೆ ಬಂದ ಅಪರಿಚಿತನ ಮೇಲೆಯೇ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತೆಂದು ನೆನಪಿರಲಿ. ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗೆಳೆಯರ ಗುಂಪೊಂದು ಮಕ್ಕಳ ಕಳ್ಳರದೆಂದು ವಾಟ್ಸ್ಆ್ಯಪ್‌ನಲ್ಲಿ ಸುದ್ದಿ ಹಬ್ಬಿಸಿದರು. ಮುಂದಿನ ಊರಾದ ಮುರ್ಕಿಯಲ್ಲಿ ಸೇರಿದ ಜನ ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದರು. ಅಲ್ಲಿ ಕೆಲಸ ಮಾಡಿದ್ದೂ ಅವಸರವೇ, ಒಂದು ಗುಂಡಿ ಒತ್ತಿ ಮುಂದಕ್ಕೆ ಕಳಿಸುವ ಅವಸರ. ನಮ್ಮ ಸೀಮೆಯಲ್ಲಿ ಅಲೆಮಾರಿ ಕುಟುಂಬಗಳು ಬಹಳ. ಹುಟ್ಟಿನಿಂದಲೇ ಕೆಲವು ಸಮುದಾಯಗಳಿಗೆ ಅಪರಾಧಿಗಳೆಂದು ಹಣೆಪಟ್ಟಿ ಹಚ್ಚಿದ ಬ್ರಿಟಿಷರ ಕಾಯ್ದೆ 1952ರಲ್ಲೇ ರದ್ದಾಗಿದೆ. ಊರ ಹೊರಗೆ ಗುಡಾರ ಹಾಕಿದವರ ಬಗ್ಗೆ ಸಂಶಯ ಬಂದರೆ 112ಕ್ಕೆ ಕರೆ ಮಾಡಿ, ಕೈ ಎತ್ತಬೇಡಿ. ಅಪರಿಚಿತನನ್ನಷ್ಟೇ ಶಂಕಿಸುವುದು ಮಕ್ಕಳ ವಿಷಯದಲ್ಲೂ ಸಾಲದು: ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಆರೋಪಿ ಮಗುವಿಗೆ ಗೊತ್ತಿರುವವನೇ ಆಗಿರುವುದು ಹೆಚ್ಚು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳು ವರ್ಷವರ್ಷವೂ ತೋರಿಸುತ್ತಿವೆ. ‘ಅಪರಿಚಿತರ ಹತ್ತಿರ ಹೋಗಬೇಡ’ ಎಂದು ಹೇಳಿಕೊಟ್ಟು ಅಷ್ಟಕ್ಕೇ ನಿಲ್ಲಿಸಿದರೆ ಮಗುವಿನ ಕಾವಲು ಅರ್ಧಕ್ಕೆ ನಿಂತಂತೆ.

ಇಷ್ಟು ಬರೆದರೂ ಒಂದು ಕೆಲಸ ಬಾಕಿಯಿದೆ, ಅದನ್ನು ಚಳ್ಳಕೆರೆ, ಮೊಳಕಾಲ್ಮೂರಿನ ಪದವಿ ವಿದ್ಯಾರ್ಥಿಗಳು, ಉಪನ್ಯಾಸಕರು ಕೈಗೆತ್ತಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಒಂದೊಂದು ಗ್ರಾಮ ಪಂಚಾಯಿತಿಗೆ ಇಬ್ಬರಂತೆ ಹೋಗಿ, ಹೆಸರು ಬರೆದುಕೊಳ್ಳದೆ, ಮೋಸ ಹೋದವರ ಮಾತು ಕೇಳಿ. ಕರೆ ಬಂದಾಗ ಹೊತ್ತೆಷ್ಟಾಗಿತ್ತು, ಕನ್ನಡದಲ್ಲೋ ತೆಲುಗಿನಲ್ಲೋ ಹಿಂದಿಯಲ್ಲೋ ಮಾತಾಡಿದರು, ಶೇಂಗಾ ಮಾರಿದ ತಿಂಗಳೋ ವಿಮೆ ಹಣ ಬರುವ ತಿಂಗಳೋ, 1930ಕ್ಕೆ ಎಷ್ಟು ಹೊತ್ತಿನ ಮೇಲೆ ಕರೆ ಮಾಡಿದರು, ತಡವಾದದ್ದು ಏಕೆ. ಈ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ, ಒಂದು ಪ್ರತಿಯನ್ನು ಠಾಣೆಗೂ ಇನ್ನೊಂದನ್ನು ಬ್ಯಾಂಕಿನ ಮ್ಯಾನೇಜರಿಗೂ ಕೊಡಿ. ಮುಂದಿನ ಸುಗ್ಗಿಯ ಹೊತ್ತಿಗೆ ಯಾವ ಊರಿನಲ್ಲಿ ಯಾವ ಎಚ್ಚರಿಕೆ ಹೇಳಬೇಕೆಂಬುದು ಅವರಿಗೆ ಗೊತ್ತಿರುತ್ತದೆ.