ಹೆಬ್ಬಟ್ಟು ಮುಟ್ಟದ ಮೂಲೆ

ಬೀಳಗಿ ಬಳಿಯ ಬಾಡಗಂಡಿ ಸುತ್ತಿನ ಕಬ್ಬಿನ ಹೊಲದಲ್ಲಿ ಬೆಳೆ ಸಮೀಕ್ಷೆಯ ಫೋಟೊ ತೆಗೆಯುವವರನ್ನು ಗಮನಿಸಿ. ಗರಿ ಮುಖಕ್ಕೆ ಗೀರದಂತೆ ಒಂದು ಕೈಯಲ್ಲಿ ಕಬ್ಬು ಸರಿಸಿ ಹಿಡಿದಿರುತ್ತಾರೆ. ಮೊಬೈಲ್ ಹಿಡಿಯುವುದೂ ಒತ್ತುವುದೂ ಉಳಿದ ಒಂದೇ ಕೈಯಿಂದ. 2020ರ ಮುಂಗಾರಿನಿಂದ ಈ ಸಮೀಕ್ಷೆಯನ್ನು ರೈತರೇ ತಮ್ಮ ಫೋನಿನಲ್ಲಿ ಮಾಡಿಕೊಳ್ಳುವ ಅವಕಾಶವಿದೆ. ನಮ್ಮ ಓಣಿಯ ಕಾಕಾ ಒಬ್ಬರ ಎಡಗೈ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ಹೋಗಿದೆ. “ಮ್ಯಾಲಿನ ಮೂಲ್ಯಾಗಿನ ಬಟನ್ ಒತ್ತಾಕ ಹೋದ್ರ ಫೋನ್ ಕೈಯಾಗಿಂದ ಜಾರತೈತೋ ತಮ್ಮಾ” ಅಂತಾರೆ. ಕಬ್ಬು ಸರಿಸಿ ನಿಂತವನ ತೊಂದರೆಯೂ ಅದೇ. ಅವನಿಗೆ ಹತ್ತು ನಿಮಿಷ, ಕಾಕಾಗೆ ದಿನವಿಡೀ.

ಜಾರುವುದು ಅವರ ತಪ್ಪಿನಿಂದಲ್ಲ. ಹೆಬ್ಬಟ್ಟು ತನ್ನ ಬುಡದ ಗಿಣ್ಣಿನ ಸುತ್ತ ಕಮಾನಿನಂತೆ ತಿರುಗುತ್ತದೆ. ಆ ಕಮಾನಿನೊಳಗೆ ಬಂದದ್ದಷ್ಟೇ ಸಲೀಸು. 2007ರ ಮೊದಲ ಐಫೋನಿನ ಪರದೆ 3.5 ಇಂಚಿನದು; ಎತ್ತರ ಸುಮಾರು 7.4 ಸೆಂ.ಮೀ. ಈಗ ಸಾಮಾನ್ಯವಾಗಿರುವ 6.5 ಇಂಚಿನ ಪರದೆ 15 ಸೆಂ.ಮೀ. ಎತ್ತರ, 6.8 ಸೆಂ.ಮೀ. ಅಗಲ. ಅಗಲ ಅಷ್ಟೇನೂ ಹೆಚ್ಚಲಿಲ್ಲ, ಎತ್ತರ ಇಮ್ಮಡಿಯಾಯಿತು. ಹಾಗಾಗಿ ಅಂಗೈಗೆ ಹಿಡಿತ ಸಿಗುತ್ತದೆ, ಬೆರಳಿಗೆ ತುದಿ ಸಿಗುವುದಿಲ್ಲ. ತುದಿ ಮುಟ್ಟಲು ಹಿಡಿತ ಸಡಿಲಿಸಿ ಫೋನನ್ನು ಕೆಳಗೆ ಜಾರಿಸಿಕೊಂಡರೆ ಭಾರವೆಲ್ಲ ಅಂಗೈಯ ಆಚೆ ವಾಲುತ್ತದೆ. ಬೀಳುವುದು ಆಗಲೇ.

ಚಿಕ್ಕ ಫೋನೇ ಮಾಡಬಹುದಲ್ಲ? ಮಾಡಿ ನೋಡಿದ್ದಾರೆ. ಆ್ಯಪಲ್ 2020 ಮತ್ತು 2021ರಲ್ಲಿ 5.4 ಇಂಚಿನ ‘ಮಿನಿ’ ತಂದು, 2022ರ ಹೊಸ ಸಾಲಿನಲ್ಲಿ ಅದನ್ನು ಕೈಬಿಟ್ಟಿತು. ಸಿನಿಮಾ, ಪಾಠ, ದೊಡ್ಡ ಅಕ್ಷರ, ದಿನವಿಡೀ ಬಾಳುವ ಬ್ಯಾಟರಿ, ಎಲ್ಲವೂ ಒಂದೇ ಫೋನಿನಲ್ಲಿ ಬೇಕೆನ್ನುವ ಮನೆಗಳಿಗೆ ದೊಡ್ಡ ಪರದೆಯೇ ಬೇಕು. ಕಣ್ಣು ಮಂಜಾದವರಿಗಂತೂ ಅದು ಅಗತ್ಯ. ಆದ್ದರಿಂದ ಫೋನನ್ನು ಕುಗ್ಗಿಸುವುದಕ್ಕಿಂತ ಒತ್ತಬೇಕಾದ್ದನ್ನು ಕೆಳಗಿಳಿಸುವುದೇ ಸರಿಯಾದ ದಾರಿ ಎಂದು ನನ್ನ ಖಚಿತ ಅಭಿಪ್ರಾಯ. 2021ರಲ್ಲಿ ಐಫೋನಿನ ಸಫಾರಿ ಬ್ರೌಸರ್ ತನ್ನ ವಿಳಾಸದ ಪಟ್ಟಿಯನ್ನು ತಲೆಯಿಂದ ಬುಡಕ್ಕೆ ತಂದಿತು. ಯುಪಿಐ ಪಿನ್ ಒತ್ತುವ ಅಂಕಿಗಳೂ ಕೆಳಗೇ ಇರುತ್ತವೆ. ಸಂತೆಯಲ್ಲಿ ಕೈಚೀಲ ಹಿಡಿದುಕೊಂಡೇ ಹಣ ಕೊಡಲು ಆಗುವುದು ಅದರಿಂದ.

ಈಗ ನಿಮ್ಮ ಫೋನಿನಲ್ಲೇ ಇರುವ ಅನುಕೂಲಗಳನ್ನು ನೋಡೋಣ. ಆಂಡ್ರಾಯ್ಡ್ 12ರಿಂದ ‘ಒನ್ ಹ್ಯಾಂಡೆಡ್ ಮೋಡ್’ ಇದೆ. ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ಈ ಹೆಸರು ಹಾಕಿ ಆನ್ ಮಾಡಿ, ಪರದೆಯ ಬುಡದ ಅಂಚಿನಿಂದ ಕೆಳಕ್ಕೆ ಎಳೆದರೆ ಮೇಲಿನದೆಲ್ಲ ಕೆಳಗಿಳಿಯುತ್ತದೆ. ಐಫೋನಿನಲ್ಲಿ ಇದಕ್ಕೆ ‘ರೀಚಬಿಲಿಟಿ’ ಎಂದು ಹೆಸರು, 2014ರಿಂದ ಇದೆ. ಜಿಬೋರ್ಡ್ ಕೀಲಿಮಣೆಯನ್ನು ಎಡಕ್ಕೋ ಬಲಕ್ಕೋ ಒತ್ತರಿಸಿಕೊಳ್ಳಬಹುದು. ನಕಾಶೆ ಹಿಗ್ಗಿಸಲು ಎರಡು ಬೆರಳು ಬೇಕಿಲ್ಲ. ಗೂಗಲ್ ಮ್ಯಾಪ್ಸ್‌ನಲ್ಲಿ ಒಮ್ಮೆ ತಟ್ಟಿ, ಎರಡನೇ ಸಲ ತಟ್ಟಿದ ಬೆರಳನ್ನು ಎತ್ತದೆ ಮೇಲೆ ಕೆಳಗೆ ಸರಿಸಿದರೆ ಸಾಕು. ಇದನ್ನು ಕಾಕಾಗೆ ತೋರಿಸಿದ ದಿನ ಅವರು ಅರ್ಧ ತಾಸು ತಮ್ಮ ಹೊಲವನ್ನೇ ಹಿಗ್ಗಿಸಿ, ಕುಗ್ಗಿಸಿ ನೋಡಿದರು.

ಕನ್ನಡದ ಟೈಪಿಂಗ್‌ಗೆ ಬೇರೆಯದೇ ಲೆಕ್ಕ. ‘ಸಕ್ಕರೆ’ ಕಣ್ಣಿಗೆ ಮೂರೇ ಅಕ್ಷರ. ಕನ್ನಡ ಕೀಲಿಮಣೆಯಲ್ಲಿ ಒತ್ತಲು ಹೋದರೆ ಸ, ಕ, ವಿರಾಮ, ಕ, ರ, ಎತ್ವ ಎಂದು ಆರು ಸಲ ಬೆರಳು ಓಡಾಡಬೇಕು. ಒಂದೇ ಕೈಯವರಿಗೆ, ನಡುಗುವ ಬೆರಳಿನವರಿಗೆ ಮೈಕಿನ ಗುರುತು ಒತ್ತಿ ಮಾತಾಡುವುದೇ ಮೇಲು. ನಡುಕ ಇದ್ದರೆ ಇನ್ನೊಂದು ಉಪಾಯವಿದೆ: ‘ಟಚ್ ಆ್ಯಂಡ್ ಹೋಲ್ಡ್’ ಅವಧಿಯನ್ನು ಉದ್ದಕ್ಕೆ ಇಟ್ಟರೆ ಬೆರಳು ತುಸು ಹೊತ್ತು ನಿಂತ ಮಾತ್ರಕ್ಕೆ ಬೇಡದ ಮೆನು ತೆರೆದುಕೊಳ್ಳುವುದಿಲ್ಲ. ಕಣ್ಣು ಕಾಣದವರಿಗೆ ಟಾಕ್‌ಬ್ಯಾಕ್ ಪರದೆಯನ್ನು ಓದಿ ಹೇಳುತ್ತದೆ, ಕನ್ನಡದಲ್ಲೂ. ಆದರೆ ಆ್ಯಪ್ ಬರೆದವರು ಚಿತ್ರದ ಬಟನ್‌ಗೆ ಹೆಸರು ಕೊಟ್ಟಿರಬೇಕು. ಕೊಡದಿದ್ದರೆ ಅದು ಏನಂತ ಓದೀತು? ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗದ ಸದ್ದಿನಲ್ಲಿ ರಿಂಗ್ ಕೇಳಿಸದ ನೇಕಾರರಿಗೆ ಕಿವಿ ಕೇಳದವರಿಗಾಗಿ ಮಾಡಿದ ಫ್ಲ್ಯಾಶ್ ಮಿಂಚಿಸುವ ಸೂಚನೆ ಒದಗುತ್ತದೆ. ಆಂಡ್ರಾಯ್ಡ್ 14ರಲ್ಲೂ ಐಫೋನಿನಲ್ಲೂ ಇದೆ.

ಇವೆಲ್ಲ ಯಾರೋ ತೋರುವ ದಯೆಯಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 43ನೇ ಕಲಂ ದಿನಬಳಕೆಯ ವಸ್ತುಗಳು ಎಲ್ಲರೂ ಬಳಸಬಲ್ಲ ವಿನ್ಯಾಸದಲ್ಲಿ ಬರುವಂತೆ ನೋಡಿಕೊಳ್ಳಬೇಕೆಂದು ಸರ್ಕಾರಕ್ಕೆ ಹೇಳುತ್ತದೆ. ಆ್ಯಸಿಡ್ ದಾಳಿಗೆ ತುತ್ತಾಗಿ ಕಣ್ಣೆವೆ ಮಿಟುಕಿಸಲಾಗದವರು, ಮುಖ ನೋಡಿ ಗುರುತು ಖಚಿತಪಡಿಸುವ ಇ-ಕೆವೈಸಿಯಲ್ಲಿ ಸಿಕ್ಕಿಬಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಡಿಜಿಟಲ್ ಸೌಲಭ್ಯ ಪಡೆಯುವುದನ್ನು ಬದುಕುವ ಹಕ್ಕಿನೊಂದಿಗೇ ಸೇರಿಸಿ ತೀರ್ಪು ಕೊಟ್ಟಿತು. ಪಿಎಂ-ಕಿಸಾನ್ ಹಣಕ್ಕೂ ಮೊಬೈಲಿನಲ್ಲಿ ಮುಖ ತೋರಿಸುವ ಕಾಲವಿದು. ಆ ತೀರ್ಪು ನಮ್ಮ ಹೊಲದವರೆಗೂ ಬರುತ್ತದೆ.

ನನ್ನನ್ನು ಕಾಡುವುದು ಈ ಸೌಲಭ್ಯಗಳು ಅಡಗಿ ಕೂತಿರುವ ರೀತಿ. ಫೋನನ್ನು ಕನ್ನಡಕ್ಕೆ ತಿರುಗಿಸಿದರೆ ಕೆಲವು ಕಡೆ ‘ಪ್ರವೇಶಿಸುವಿಕೆ’ ಎಂಬ ಹೆಸರಿನಡಿ ಸಿಗುತ್ತವೆ. ಆ ಹೆಸರು ನೋಡಿ ಯಾವ ಅಜ್ಜಿ ತಾನೇ ಒಳಗೆ ಹೋದಾಳು? ಹೊಸ ಫೋನ್ ಮೊದಲ ಸಲ ಆನ್ ಆದಾಗ ಭಾಷೆ ಕೇಳಿದಂತೆಯೇ “ಒಂದೇ ಕೈಯಲ್ಲಿ ಬಳಸುತ್ತೀರಾ? ಯಾವ ಕೈ?” ಎಂದೂ ಕೇಳಲಿ. ಅದು ಬರುವವರೆಗೆ, ಬೀಳಗಿಯಲ್ಲೋ ಜಮಖಂಡಿಯಲ್ಲೋ ಫೋನ್ ಕೊಳ್ಳುವಾಗ ಅಂಗಡಿಯವರು ಗಾಜು ಅಂಟಿಸುವ ಆ ಐದು ನಿಮಿಷದಲ್ಲೇ ಒನ್ ಹ್ಯಾಂಡೆಡ್ ಮೋಡನ್ನೂ ಆನ್ ಮಾಡಿಕೊಡಿ ಎಂದು ಕೇಳಿ. ಹೆಬ್ಬಟ್ಟು ಮೇಲಿನ ಮೂಲೆ ಮುಟ್ಟುತ್ತದೋ ಇಲ್ಲವೋ ಅಲ್ಲೇ ನೋಡಿ, ಆಮೇಲೆ ದುಡ್ಡು ಕೊಡಿ.