ಹುಡುಗರ ಮೂಗಿನ ರಕ್ತ: ಎಲ್ಲವೂ ‘ಉಷ್ಣ’ವಲ್ಲ

ಮಕ್ಕಳ ಮೂಗಿನಿಂದ ರಕ್ತ ಬಂದರೆ ‘ಉಷ್ಣವಾಗಿದೆ’ ಎಂದು ತಲೆಗೆ ತಣ್ಣೀರು ತಟ್ಟಿ, ಎಳನೀರು ಕುಡಿಸಿ ಸುಮ್ಮನಾಗುವುದು ನಮ್ಮ ಮನೆಗಳ ರೂಢಿ. ಬಹುಪಾಲು ಅದು ತಾನಾಗಿಯೇ ನಿಲ್ಲುತ್ತದೆ. ಆದರೆ 10ರಿಂದ 20 ವರ್ಷದೊಳಗಿನ ಹುಡುಗನಿಗೆ ಮೂಗಿನ ಒಂದೇ ಹೊಳ್ಳೆ ತಿಂಗಳುಗಟ್ಟಲೆ ಕಟ್ಟಿಕೊಂಡು, ನೋವಿಲ್ಲದೆ ಪದೇ ಪದೇ ರಕ್ತ ಸುರಿಯುತ್ತಿದ್ದರೆ ಅದನ್ನು ಉಷ್ಣದ ಲೆಕ್ಕಕ್ಕೆ ಬರೆಯಬಾರದು.

ಮೂಗಿನ ಹಿಂಭಾಗದಲ್ಲಿ ಬೆಳೆಯುವ, ರಕ್ತನಾಳಗಳೇ ತುಂಬಿರುವ ಒಂದು ಗಡ್ಡೆಯಿದೆ. ವೈದ್ಯರು ಅದನ್ನು ಆಂಜಿಯೋಫೈಬ್ರೋಮಾ ಎನ್ನುತ್ತಾರೆ. ಅದು ಬಹಳ ಅಪರೂಪ, ಕ್ಯಾನ್ಸರ್ ಅಲ್ಲ. ಆದರೂ ಇದ್ದಲ್ಲಿಂದಲೇ ಹಬ್ಬಿ ಕೆನ್ನೆಗೆ, ಕಣ್ಣಿನ ಗೂಡಿಗೆ, ಕೆಲವೊಮ್ಮೆ ತಲೆಬುರುಡೆಯ ಒಳಕ್ಕೂ ನುಗ್ಗಬಲ್ಲದು.

ಇದು ಹೆಚ್ಚುಕಡಿಮೆ ಗಂಡುಹುಡುಗರಿಗೇ, ಅದೂ ಮೀಸೆ ಮೂಡುವ ಪ್ರಾಯದಲ್ಲೇ ಬರುವುದೇಕೆ? ಕಾಯಿ ಉದುರದಂತೆ ಕಾಫಿಗೆ ಹಾರ್ಮೋನು ಸಿಂಪಡಿಸುವ ನಮಗೆ ಈ ಮಾತು ಸುಲಭವಾಗಿ ತಿಳಿದೀತು. ಆ ಪ್ರಾಯದಲ್ಲಿ ಟೆಸ್ಟೋಸ್ಟಿರೋನ್ ಎಂಬ ಗಂಡು ಹಾರ್ಮೋನು ಏರುತ್ತದೆ. ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳು ಈ ಗಡ್ಡೆಯಲ್ಲಿ ಕಂಡುಬಂದಿವೆ. ಇಂಥ ಹುಡುಗರ ರಕ್ತದಲ್ಲಿ ಹಾರ್ಮೋನಿನ ಪ್ರಮಾಣ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ತೋಟಕ್ಕೆ ಹಾಕಿದ ಗೊಬ್ಬರವನ್ನು ಕಳೆಯೂ ಹೀರಿದಂತೆ ಗಡ್ಡೆ ಅದರಿಂದ ಪೋಷಣೆ ಪಡೆಯುತ್ತದೆಂಬುದು ವೈದ್ಯರ ಊಹೆ. ಹಾರ್ಮೋನೊಂದೇ ಕಾರಣವೆಂದು ಮಾತ್ರ ಸಿದ್ಧಪಟ್ಟಿಲ್ಲ.

ಹಾಗಾದರೆ ಹಾರ್ಮೋನನ್ನು ತಡೆದರೆ ಸಾಲದೆ? ಹಿಂದೆ ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ ಕೊಟ್ಟು ನೋಡಿದರು. ಹುಡುಗರಿಗೆ ಎದೆ ಬೆಳೆಯುವಂಥ ತೊಂದರೆಗಳಿಂದ ಅದು ಹಿಂದೆ ಸರಿಯಿತು. ಬಳಿಕ ಟೆಸ್ಟೋಸ್ಟಿರೋನನ್ನು ತಡೆಯುವ ಫ್ಲುಟಮೈಡ್ ಬಂತು. 2011ರಲ್ಲಿ ವರದಿಯಾದಂತೆ, ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ವೈದ್ಯರು ಶಸ್ತ್ರಚಿಕಿತ್ಸೆಗೆ ಮೊದಲು 6 ವಾರ ಇದನ್ನು ಕೊಟ್ಟಾಗ, ಪ್ರಾಯಕ್ಕೆ ಬಂದ ಹುಡುಗರಲ್ಲಿ ಗಡ್ಡೆ ಸ್ವಲ್ಪ ಕುಗ್ಗಿತು. ಎಳೆಯರಲ್ಲಿ ಅಂಥ ನೆಚ್ಚಿಕೆಯ ಫಲ ಕಾಣಲಿಲ್ಲ. ಆದ್ದರಿಂದ ಇಂದಿಗೂ ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆಯೇ. ಮೊದಲು ಗಡ್ಡೆಗೆ ರಕ್ತ ಒದಗಿಸುವ ನಾಳವನ್ನು ಮುಚ್ಚಿ, ಅನೇಕರಿಗೆ ಮುಖದ ಮೇಲೆ ಗಾಯ ಮಾಡದೆ ಮೂಗಿನ ಮೂಲಕವೇ ದುರ್ಬೀನು ಹಾಯಿಸಿ ಗಡ್ಡೆ ತೆಗೆಯುತ್ತಾರೆ.

ಸದಸ್ಯ ಬಾಂಧವರು ಗಮನದಲ್ಲಿಡಬೇಕಾದ ಮಾತು ಮೂರು. ಈ ಲಕ್ಷಣ ಕಂಡರೆ ಕೊಯ್ಲು ಮುಗಿಯಲೆಂದು ಕಾಯದೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿರಿ. ‘ಮೂಗಿನಲ್ಲಿ ಮಾಂಸ ಬೆಳೆದಿದೆ’ ಎಂದು ಯಾರೇ ಹೇಳಿದರೂ ಸ್ಕ್ಯಾನ್ ಆಗುವ ಮೊದಲು ಕತ್ತರಿಸಲಾಗಲಿ, ಪರೀಕ್ಷೆಗೆಂದು ಚೂರು ತೆಗೆಯಲಾಗಲಿ ಬಿಡಬೇಡಿರಿ; ರಕ್ತ ನಿಲ್ಲದೆ ಪ್ರಾಣಕ್ಕೆ ಬಂದೀತು. ಹಾರ್ಮೋನಿನ ಮಾತ್ರೆಗಳನ್ನು ತಜ್ಞರ ಸಲಹೆಯಿಲ್ಲದೆ ಕೊಡಬೇಡಿರಿ. ಸಕಾಲದಲ್ಲಿ ಕಂಡುಹಿಡಿದರೆ ಇದು ವಾಸಿಯಾಗುವ ಕಾಯಿಲೆ.